ಉಡಚವ್ವನ ಸುಣ್ಣದ ಬಾನಿ

ಲಕ್ಷ್ಮೇಶ್ವರದ ಸಂತೆಯಲ್ಲಿ ಎಲೆ ಮಾರುವವರ ಸಾಲಿನ ತುದಿಗೆ ಕೂತು ಸುಣ್ಣ ಮಾರುತ್ತಿದ್ದ ಉಡಚವ್ವನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಆದರೆ ಅದು ಮನೆಯೊಳಗೇ ಬಂದು ಒಲೆ ಹೂಡಿದ್ದು ನೆಗೆಣ್ಣಿ ನಾಗರತ್ನಾ ಕಾಲಿಟ್ಟ ಮೇಲೆ. ನಾಗರತ್ನಾ ಅವಳ ಮೈದುನ ಸೋಮೇಶನ ಹೆಂಡತಿ. ಬೆಟಗೇರಿಯ ಹುಡುಗಿ, ಯಾರಿಗೂ ಎದುರಾಡದವಳು, ಏನೆಂದರೂ ನಕ್ಕು ಸುಮ್ಮನಾಗುವವಳು. ಜಗಳಕ್ಕೂ ಒದಗದ ಇಂಥವರ ಜೊತೆ ಬಾಳುವೆ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಮೊದಲೆಲ್ಲ ಆ ಮನೆಯಲ್ಲಿ ಉಡಚವ್ವನದೇ ದರ್ಬಾರು. ಗಂಡ ಹೊಳೆಯಪ್ಪ ಎರೆಹೊಲಗಳಲ್ಲಿ ಆಯ್ದು ತಂದ ಸುಣ್ಣದ ಹರಳುಗಳನ್ನು ಹಿತ್ತಲಿನ ಭಟ್ಟಿಯಲ್ಲಿ ಸುಡುತ್ತಿದ್ದ. ಬೆಂದ ಹರಳು ಹಗುರಾಗಿ ಹೊರಗೆ ಬರುತ್ತಿತ್ತು. ಅದನ್ನು ಬಾನಿಗೆ ಹಾಕಿ ನೀರು ಹೊಯ್ಯುವುದು ಉಡಚವ್ವನ ಕೆಲಸ. ಕೆಳಗೆ ಬೆಂಕಿ ಇಲ್ಲದೆಯೇ ಬಾನಿ ಕೊತಕೊತ ಕುದಿಯುತ್ತಿತ್ತು, ಕಲ್ಲು ಒಡೆದು ಬೆಣ್ಣೆಯಂಥ ಸುಣ್ಣವಾಗುತ್ತಿತ್ತು. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಗೋಣಿತಟ್ಟು ಮುಚ್ಚಿಟ್ಟರೆ ಆ ಸುಣ್ಣ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದಿಟ್ಟರೆ ಮಾತ್ರ ಗಾಳಿ ಕುಡಿದು ಮತ್ತೆ ಕಲ್ಲಾಗುತ್ತದೆ. ಗೋಡೆಗೆ ಬಳಿದ ಸುಣ್ಣ ಕಚ್ಚಿಕೊಳ್ಳುವುದೂ ಹಾಗೆಯೇ.

ಓಣಿಯಲ್ಲಿ ಯಾರ ಮದುವೆಯಾದರೂ ಗೋಡೆಗೆ ಅವಳ ಸುಣ್ಣ, ಎಲೆಗೆ ಅವಳ ಸುಣ್ಣ. ಮದುಮಗಳು ಹೊಸ್ತಿಲು ದಾಟುವ ಮುಂದೆ ದೃಷ್ಟಿ ತೆಗೆಯುವ ಆರತಿಗೂ ಅವಳದೇ. ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ನೀರು ಕೆಂಪಗಾಗುತ್ತದಲ್ಲ, ಆ ತಾಟು ಹಿಡಿದು ಎಲ್ಲರ ಮುಂದೆ ನಿಲ್ಲುವ ಕೈ ಯಾವತ್ತೂ ಉಡಚವ್ವನದು.

ಆಮೇಲೆ ಸೋಮೇಶನಿಗೆ ಮುಂಡರಗಿ ರಸ್ತೆಯ ಕಲ್ಲುಪುಡಿ ಮಿಲ್ಲಿನಲ್ಲಿ ನೌಕರಿ ಸಿಕ್ಕಿತು. ಅಲ್ಲಿಯದೂ ಸುಣ್ಣದ ಕಲ್ಲೇ, ಆದರೆ ಸುಡುವುದಿಲ್ಲ. ಹಸಿ ಕಲ್ಲನ್ನೇ ಹಿಟ್ಟಿನಂತೆ ಬೀಸಿ, ಸೋಸಿ, ಚೀಲ ತುಂಬುತ್ತಾರೆ. ಆ ಪುಡಿ ಬಣ್ಣಕ್ಕೆ ಬೇಕು, ಪ್ಲಾಸ್ಟಿಕ್ ಪೈಪಿಗೆ ಬೇಕು, ಕಾಗದಕ್ಕೆ, ಕೋಳಿಯ ಮೇವಿಗೆ, ಹಲ್ಲುಜ್ಜುವ ಪೇಸ್ಟಿಗೆ, ಎಲುಬು ಗಟ್ಟಿಯಾಗುವ ಗುಳಿಗೆಗೆ ಸಹ ಬೇಕು. ಅತ್ತೆ ದೇವವ್ವ ಕಟ್ಟೆಗೆ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು: "ನಮ್ಮ ಸೋಮ್ಯಾನ ಪುಡಿ ಇಲ್ಲಂದ್ರ ಈ ಊರಾಗ ಯಾರೂ ಹಲ್ಲ ತಿಕ್ಕಂಗಿಲ್ಲ ನೋಡ್ರಿ!"

ಮರುದಿನದಿಂದ ಉಡಚವ್ವ ಪೇಸ್ಟ್ ಬಿಟ್ಟು ಬೂದಿ ಹಿಡಿದಳು. ಮಂಡಿನೋವಿಗೆ ಡಾಕ್ಟರು ಕೊಟ್ಟ ಬಿಳಿ ಗುಳಿಗೆಯನ್ನು ಬಿಡುವಂತಿರಲಿಲ್ಲ, ನುಂಗುವಾಗ ನಾಗರತ್ನಾಳನ್ನೇ ನುಂಗಿದಂತೆ ಮುಖ ಕಿವುಚುತ್ತಿದ್ದಳು. ಬೆಂಕಿಯ ಮುಖ ಕಾಣದ ಕಲ್ಲಿಗೆ ಇಷ್ಟು ಮೆರೆದಾಟವೇ? ತಾನು ಕೈ ಸುಟ್ಟುಕೊಂಡು, ಕಣ್ಣುರಿ ತಿಂದು ಮಾಡಿದ ಸುಣ್ಣ ಯಾರಿಗೂ ಬೇಡವೇ?

ಕಿರಿಯ ಮೈದುನ ಕೊಟ್ರಪ್ಪನ ಮದುವೆ ಗೊತ್ತಾದಾಗ ಗೋಡೆಗೆ ಪುಟ್ಟಿ ಹಚ್ಚಿ ಡಿಸ್ಟೆಂಪರ್ ಹೊಡೆಸುವುದೆಂದು ತೀರ್ಮಾನವಾಯಿತು. ಅದರಲ್ಲೂ ಆ ಮಿಲ್ಲಿನ ಪುಡಿಯೇ! ಉಡಚವ್ವ ಹಿತ್ತಲಿಗೆ ಹೋಗಿ ಬಾನಿಯ ನೀರು ಬಗ್ಗಿಸಿ ಚೆಲ್ಲಿದಳು, ಗೋಣಿತಟ್ಟು ಕಿತ್ತೊಗೆದಳು, ಸಂತೆಗೆ ಹೋಗುವುದನ್ನೂ ಬಿಟ್ಟಳು. ಭಟ್ಟಿ ಆರಿತು. ಎಲ್ಲಕ್ಕೂ ಕಳಸವಿಟ್ಟಂತೆ ಮದುವೆಯ ಹಿಂದಿನ ದಿನ ಅತ್ತೆ ಅಂದಳು: "ಈ ಸಲ ಆರತಿ ತಾಟ ನಾಗರತ್ನಾ ಹಿಡೀಲಿ. ನಿನಗ ಮಂಡಿ ನೋವ ಐತಿ, ಎಷ್ಟೊತ್ತಂತ ನಿಲ್ತಿ?"

ಮಂಡಿಯ ನೋವು ಅಲ್ಲಿಂದ ಎದೆಗೆ ಏರಿತು.

ಮದುವೆಯ ದಿನ ಮದುಮಕ್ಕಳ ಗಾಡಿ ಓಣಿಯ ಬಾಯಿಗೆ ಬಂತೆಂದು ಖಬರ ಬಂದಾಗ ನಾಗರತ್ನಾ ಅಡಿಗೆಮನೆಗೆ ಓಡಿ ಬಂದಳು. "ಅಕ್ಕಾರ, ಆರತಿ ನೀರಿಗೆ ಸುಣ್ಣ ಬೇಕಾಗಿತ್ತಲ್ರಿ. ಎಲ್ಲೈತ್ರಿ?"

"ನಿನ್ನ ಗಂಡ ರಂಗೋಲಿಗಂತ ಚೀಲ ತಂದ ಇಟ್ಟಾನಲ್ಲ, ಅದರಾಗಿಂದ ಒಂದ ಚಮಚಾ ಹಾಕು," ಅಂದಳು ಉಡಚವ್ವ, ಒಲೆಯ ಕಡೆ ಮುಖ ಮಾಡಿಯೇ. "ಊರಿಗೆಲ್ಲಾ ಆಗೂ ಪುಡಿ ಆರತಿಗೆ ಆಗೂದಿಲ್ಲೇನು?"

ಆಗುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುಣ್ಣದ ವಿಷಯದಲ್ಲಿ ಉಡಚವ್ವನ ಮಾತಿಗಿಂತ ದೊಡ್ಡ ಮಾತು ಆ ಮನೆಯಲ್ಲಿ ಇರಲಿಲ್ಲ, ನಾಗರತ್ನಾ ನಂಬಿದಳು.

ಮದುಮಗಳು ಶಿವರಂಜನಿ ಹೊಸ್ತಿಲ ಹೊರಗೆ ನಿಂತಿದ್ದಳು. ನಾಗರತ್ನಾ ಪುಡಿ ಹಾಕಿ ಕದಡಿದಳು. ನೀರು ಹಳದಿ. ಇನ್ನೊಂದು ಚಮಚ ಹಾಕಿದಳು. ಮಜ್ಜಿಗೆ ಸಾರಿನಂತೆ ಬೆಳ್ಳಗಾಯಿತೇ ಹೊರತು ಕೆಂಪಾಗಲಿಲ್ಲ. ಹೆಂಗಸರು ಗುಸುಗುಸು ಶುರು ಮಾಡಿದರು.

"ಏನವಾ ಇದು? ಏನ್ ಹಾಕಿದಿ?" ದೇವವ್ವ ಗದರಿದಳು.

ಉಡಚವ್ವ ಅಷ್ಟರಲ್ಲಿ ಅಡಿಗೆಮನೆಯಿಂದ ಪಡಸಾಲೆಗೆ ಬಂದು ನಿಂತಿದ್ದಳು. ಈಗ ತನ್ನ ಹೆಸರು ಬಂತು! ನಾಗರತ್ನಾ ಒಮ್ಮೆ ಅವಳ ಕಡೆ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. "ನಂದ ತಪ್ಪಾತ್ರಿ ಅತ್ತಿ. ನನಗ ತಿಳೀಲಿಲ್ಲ."

"ಉಡಚೀ, ನಿನ್ನ ಬಾನ್ಯಾಗಿಂದ ತಾ. ಜಲ್ದಿ!"

ಇದೇ ಮಾತಿಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳೋ! ಮಂಡಿ ಮರೆತು, ತಟ್ಟು ಕಿತ್ತೊಗೆದದ್ದನ್ನೂ ಮರೆತು ಹಿತ್ತಲಿಗೆ ಹೋದಳು. ಬಾನಿಯಲ್ಲಿ ಸುಣ್ಣ ಬಿರುಕು ಬಿಟ್ಟು ಒಣಗಿ ಕೂತಿತ್ತು. ಬುಡದವರೆಗೂ ಸೌಟಿನಿಂದ ಕೆರೆದಳು, ಬರೀ ಒಣ ಪುಡಿ ಉದುರಿತು. ಅದನ್ನೇ ಹಿಡಿಯಲ್ಲಿ ತಂದು ಹೊಸ ನೀರಿಗೆ ಹಾಕಿದಳು. ನೀರು ಹಳದಿಯಾಗಿಯೇ ಉಳಿಯಿತು. ಅಂದಿನಿಂದ ತಿಂಗಳುಗಟ್ಟಲೆ ಗಾಳಿ ಕುಡಿದು ಅವಳ ಸುಣ್ಣವೂ ಕಲ್ಲಾಗಿತ್ತು. ಅದಕ್ಕೂ ಮಿಲ್ಲಿನ ಪುಡಿಗೂ ಈಗ ಏನೇನೂ ಫರಕು ಇರಲಿಲ್ಲ.

ದೇವವ್ವ ಸೊಂಟದ ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ತೆಗೆದಳು. "ಎಲಿ ತಿಂದ ಬೆರಳ ಮುಟ್ಟೈತಿ, ಆದ್ರ ಆಗ್ಲಿ. ಹಾಕ್ರಿ." ಬೆರಳ ತುದಿಯಷ್ಟು ಹಸಿ ಸುಣ್ಣ ತಾಟಿಗೆ ಬಿದ್ದದ್ದೇ ತಡ, ನೀರು ಕೆಂಪಗೆ ತಿರುಗಿತು.

ಉಡಚವ್ವನಿಗೆ ತಡೆಯಲಾಗಲಿಲ್ಲ. "ಇದು ಎಲ್ಲೀ ಸುಣ್ಣ?"

"ನಿಮ್ದ ಐತ್ರಿ ಅಕ್ಕಾರ," ಅಂದಳು ನಾಗರತ್ನಾ. "ಅವತ್ತ ನೀವು ತಟ್ಟ ಕಿತ್ತೊಗದ್ರೆಲ್ಲ, ಅವತ್ತ ಒಂದ ಮುದ್ದಿ ತಗದ ನೀರಾಗ ಇಟ್ಟಿದ್ದೆ. ಅತ್ತಿಗೆ ನಿಮ್ಮ ಸುಣ್ಣನ ಬೇಕ್ರಿ, ಬ್ಯಾರೇದು ಹಿಡಿಸಂಗಿಲ್ಲ. ಡಬ್ಬ್ಯಾಗ ಇದ್ದದ್ದ ಕಡೀದು."

ಹಾಗೆಂದು ತಾಟಿನ ಒಂದು ಅಂಚನ್ನು ಉಡಚವ್ವನ ಕಡೆ ಚಾಚಿದಳು. ಎಲ್ಲರೂ ನೋಡುತ್ತಿದ್ದರು, ಹಿಡಿಯದೆ ಗತಿಯಿರಲಿಲ್ಲ. ಇಬ್ಬರೂ ಸೇರಿ ಆರತಿ ಎತ್ತಿದರು. ಶಿವರಂಜನಿ ಬಲಗಾಲಿಟ್ಟು ಒಳಗೆ ಬಂದಳು.

ತಾನು ಚೆಲ್ಲಿದ್ದನ್ನು ಕಾಪಾಡಿದವಳೂ ಅವಳೇ, ತನ್ನ ಹೆಸರು ಹೇಳದೆ ಬೈಸಿಕೊಂಡವಳೂ ಅವಳೇ. ಒಳ್ಳೆಯವಳಾಗುವ ಅವಕಾಶವನ್ನೂ ಒಂದಿಷ್ಟು ತನಗೆಂದು ಉಳಿಸಲಿಲ್ಲವಲ್ಲ ಎಂದು, ಕೆಂಪು ನೀರಿನ ತಾಟು ಹಿಡಿದು ನಿಂತ ಉಡಚವ್ವನ ಹೊಟ್ಟೆ ಹಿಂದೆಂದಿಗಿಂತ ಜೋರಾಗಿ ಉರಿಯಿತು.