ಕಬಡ್ಡಿ ಅಂಗಳದಲ್ಲಿ ಡಾರೆಲ್‌ನ ಮೊಣಕಾಲು

೧೯೯೧ರ ಬೇಸಿಗೆಯಲ್ಲಿ ನಾನು ಕುವೈತ್‌ನ ಶುಐಬಾ ಬಳಿಯ ಕ್ಲಿನಿಕ್ ಒಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಯುದ್ಧದಲ್ಲಿ ಯಂತ್ರಗಳೆಲ್ಲ ಲೂಟಿಯಾಗಿ, ಉಳಿದದ್ದು ಒಂದು ಮಂಚ, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಮತ್ತು ನನ್ನ ಎರಡು ಕೈ. ಉರಿಯುತ್ತಿದ್ದ ಎಣ್ಣೆ ಬಾವಿಗಳ ಹೊಗೆಗೆ ಮಧ್ಯಾಹ್ನವೇ ಲೈಟ್ ಹಾಕಬೇಕಿತ್ತು.

ಡಾರೆಲ್ ಬಂದದ್ದು ಆಗ. ಬಾಗಿಲಲ್ಲಿ ಅಡ್ಡ ತಿರುಗಿಯೇ ಒಳಗೆ ಬರಬೇಕಾದಂಥ ಆಳು. ಬೆಂಕಿ ಆರಿಸುವ ತಂಡದವನು. ಅದಕ್ಕೂ ಮುಂಚೆ ಏಳು ವರ್ಷ ವೃತ್ತಿಪರ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಆಟಗಾರ. ಚೆಂಡು ಹಿಡಿದು ಓಡುವವನನ್ನು ಕೆಡವುವುದಕ್ಕೇ ಅವನಿಗೆ ಸಂಬಳ. ಪೈಪಿನ ಮೇಲೆ ಜಾರಿ ಎಡ ಮೊಣಕಾಲು ಉಳುಕಿಸಿಕೊಂಡಿದ್ದ. ಆರು ವಾರ ಬೆವರಿಳಿಸಿದೆ. ಕಾಲು ಮಡಚುವ ಕೋನ ಎಪ್ಪತ್ತರಿಂದ ನೂರ ಮೂವತ್ತು ಡಿಗ್ರಿಗೆ ಏರಿತು. ಶನಿವಾರದೊಳಗೆ ನನ್ನ ಸಹಿಯ ಫಿಟ್‌ನೆಸ್ ಸರ್ಟಿಫಿಕೇಟ್ ಸಿಗದಿದ್ದರೆ ಕೆಲಸ ಹೋಗುತ್ತಿತ್ತು. "ಆಟ ಹೋಯಿತು. ಇದೂ ಹೋದರೆ ನನಗೆ ಬೇರೇನೂ ಬರುವುದಿಲ್ಲ, ಡಾಕ್," ಎಂದಿದ್ದ. ಅವನ ಪಾಲಿಗೆ ನಾನೂ ಡಾಕ್ಟರೇ.

ಮಂಚದ ಮೇಲಿನ ಕೋನ ನಂಬಿ ಬೆಂಕಿಯ ಮುಂದೆ ನಿಲ್ಲಿಸಲಾದೀತೆ? ಶುಕ್ರವಾರ ಸಬ್ಹಾನ್‌ನ ಕಾರ್ಮಿಕರ ಕ್ಯಾಂಪಿನ ಹಿಂದೆ ನಮ್ಮ ಮಂಗಳೂರು ಕಡೆಯವರ ಕಬಡ್ಡಿ ಇರುತ್ತಿತ್ತು. ಅಲ್ಲಿಗೇ ಕರೆದೊಯ್ದೆ. ಅಂಗಳದ ಅಂಚಿನಲ್ಲಿ ಕುಕ್ಕರುಗಾಲು, ಪಕ್ಕಕ್ಕೆ ಸರಿದಾಟ, ಇಷ್ಟೇ ನನ್ನ ಪರೀಕ್ಷೆ. ಆದರೆ ರೈಡರ್‌ನನ್ನು ಹಿಡಿಯಲು ಕಾದಿದ್ದವರ ಸಾಲು ಕಂಡದ್ದೇ ತಡ, ಅವನ ಕಣ್ಣು ಹೊಳೆಯಿತು. "ನನ್ನನ್ನೂ ಸೇರಿಸಿ!" ನಿಜ ಹೇಳಬೇಕೆಂದರೆ ನಮ್ಮ ಕಡೆ ಒಬ್ಬ ಕಡಿಮೆ ಇದ್ದ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಎದುರಿನಿಂದ ಹಮೀದ್ ಬಂದ. ಶುವೈಖ್‌ನ ಟ್ರಕ್ ಡ್ರೈವರ್, ಉಳ್ಳಾಲದ ಬ್ಯಾರಿ, ಕಡ್ಡಿಯಂಥ ಮೈ. ಡಾರೆಲ್ ಅವನನ್ನು ಒಂದೇ ಏಟಿಗೆ ಕೆಡವಿ, ಕೈಬಿಟ್ಟು, ಎದ್ದು ತೋಳೆತ್ತಿದ! ಅವರ ಆಟದಲ್ಲಿ ಬಿದ್ದವನ ಕಥೆ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಉಸಿರಿರುವವರೆಗೆ ಬಿದ್ದವನೂ ಆಟದಲ್ಲೇ ಇರುತ್ತಾನೆ. ಹಮೀದ್ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಹೊರಳಿ ನಡುಗೆರೆ ಮುಟ್ಟಿದ.

"ಎಂತ ಭಾಯಿ, ಬಿಟ್ಟದ್ದೆಂತಕ್ಕೆ? ಈಗ ನೀವೇ ಔಟ್!"

ಅಂಗಳವೆಲ್ಲ ನಗು. ನಮ್ಮವರು ಪಾಯಿಂಟ್ ಗಳಿಸಿ ಡಾರೆಲ್‌ನನ್ನು ಮತ್ತೆ ಒಳಗೆ ತಂದರು. ಕೊನೆಯ ರೈಡ್, ಎರಡೂ ಕಡೆ ಸಮ ಸಮ. ಮತ್ತೆ ಹಮೀದ್! ಡಾರೆಲ್ ಈ ಸಲ ಅವನ ಸೊಂಟಕ್ಕೆ ಜೋತುಬಿದ್ದ. ಹಮೀದನ ಬೆರಳು ಗೆರೆಗೆ ಒಂದು ಗೇಣು, ಅರ್ಧ ಗೇಣು! "ಬಿಡಬೇಡ! ಬಿಡಬೇಡ!" ಎಂದು ನಾನು ಗಂಟಲು ಹರಿಯುವಂತೆ ಕಿರುಚಿದೆ. ಹಮೀದನ ಉಸಿರು ಕಡಿದು ಕಬಡ್ಡಿ ನಿಂತಿತು. "ಖಲಾಸ್!" ಎಂದ ರೆಫರಿ. ಗೆದ್ದೆವು!

ಕುಣಿಯುತ್ತಲೇ ಹೋಗಿ ಪಿಕಪ್‌ನ ಬಾನೆಟ್ ಮೇಲಿಟ್ಟು ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಅದನ್ನು ಓದಿದ ಡಾರೆಲ್ ನೆಲದ ಮೇಲೆ ಕುಳಿತುಬಿಟ್ಟ.

"ಅವನು ಕೊಸರಿಕೊಳ್ಳುವಾಗ ನನ್ನ ಮೊಣಕಾಲು ಕೈಕೊಟ್ಟಿತು, ಡಾಕ್. ನೀವು ನೋಡಲಿಲ್ಲವಾ?"

ನೋಡಿರಲಿಲ್ಲ. ನಾನು ಗೆರೆ ನೋಡುತ್ತಿದ್ದೆ.

"ಕೊನೆಯ ವರ್ಷ ತಂಡದ ಡಾಕ್ಟರಿಂದ ಇದನ್ನೇ ಮುಚ್ಚಿಟ್ಟೆ. ಅವರೂ ಸ್ಕೋರ್ ನೋಡುತ್ತಿದ್ದರು. ಮುಂದಿನ ಪಂದ್ಯಕ್ಕೆ ಕಾಲು ಉಳಿಯಲಿಲ್ಲ. ಬೆಂಕಿಯ ಹತ್ತಿರ ನಾನು ಬಿದ್ದರೆ ನನ್ನನ್ನು ಎತ್ತಲು ಇಬ್ಬರು ಬರುತ್ತಾರೆ. ಅವರೂ ಸುಟ್ಟುಹೋಗುತ್ತಾರೆ." ಕಾಗದ ವಾಪಸು ಚಾಚಿದ.

ನಾಚಿಕೆಯಿಂದ ಹರಿದು ಹಾಕಿದೆ. ಸೋಮವಾರ ಅವನು ವಿಮಾನ ಹತ್ತಿದ. ನಾನು ಮಾಡಬೇಕಿದ್ದ ಕೆಲಸವನ್ನು ಆತ ತನ್ನ ಅನ್ನ ಕಳೆದುಕೊಂಡು ಮಾಡಿಕೊಟ್ಟಿದ್ದ. ಅಂದಿನಿಂದ ನಿವೃತ್ತಿಯವರೆಗೂ, ನನ್ನ ಯಾವ ರೋಗಿ ಓಡಿ ಗೆದ್ದಾಗಲೂ, ಊರೆಲ್ಲ ಚಪ್ಪಾಳೆ ತಟ್ಟಿದರೂ ನಾನು ತಟ್ಟಲಿಲ್ಲ. ಅವನ ಕಾಲು ನೋಡಿದೆ.