ಎರಡನೇ ವಿಳಾಸ

ಕೋವಿಡ್ ಹಾವಳಿ ಇಳಿದು ಎರಡು ಬೇಸಿಗೆ ಕಳೆದಿದ್ದ ಕಾಲ. ಆಗ ನಾನು ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಂಪನಿಯಲ್ಲಿ ನೆಟ್‌ವರ್ಕ್ ವಿಭಾಗದ ಹಿರಿಯ ಇಂಜಿನಿಯರ್. ದೊಡ್ಡ ಕಂಪನಿಯಿಂದ ನಿವೃತ್ತಳಾಗಿದ್ದೆ. ಲಿಂಗರಾಜಪುರದ ಮನೆಯಲ್ಲಿ ಕೂತು ಗಂಡನ ತಲೆ ತಿನ್ನುವುದಕ್ಕಿಂತ ಇದು ವಾಸಿ ಎಂದು ಸೇರಿಕೊಂಡಿದ್ದೆ. ನಮ್ಮ ಕಂಪನಿ ಹೃದ್ರೋಗಿಗಳ, ಒಂಟಿ ವೃದ್ಧರ ಮನೆಗಳಿಗೆ ತುರ್ತು ಗಂಟೆ ಹಾಕಿಕೊಡುತ್ತಿತ್ತು.

ಗಂಟೆ ಎಂದರೆ ಇಷ್ಟೇ: ರೋಗಿಯ ಕೊರಳಲ್ಲಿ ತಾಯಿತದಂತೆ ತೂಗುವ ಒಂದು ಗುಂಡಿ, ಗೋಡೆಯ ಮೇಲೊಂದು ಡಬ್ಬಿ. ಗುಂಡಿ ಒತ್ತಿದರೆ ಡಬ್ಬಿ ‘ಟುಯ್’ ಎಂದು ಸಣ್ಣ ಸದ್ದು ಮಾಡಿ, ಮನೆಯ ಇಂಟರ್ನೆಟ್ ಹಿಡಿದು, ಕುಕ್ ಟೌನಿನ ಹಳೇ ಬಂಗಲೆಯೊಂದರಲ್ಲಿದ್ದ ನಮ್ಮ ಕಂಟ್ರೋಲ್ ರೂಮಿಗೆ ಕರೆ ಕಳಿಸುತ್ತಿತ್ತು. ಅಲ್ಲಿ ಸ್ಟೆಲ್ಲಾ ಎಂಬ ನಡುವಯಸ್ಸಿನ ಹೆಂಗಸು ಪರದೆಯ ಮುಂದೆ ಕೂತಿರುತ್ತಿದ್ದಳು. ಕರೆ ತಲುಪಿದ ಕೂಡಲೇ ಡಬ್ಬಿಯ ಸ್ಪೀಕರಿನಲ್ಲಿ ಅವಳ ದನಿ ಕೇಳುತ್ತಿತ್ತು, ಇತ್ತ ಆಂಬುಲೆನ್ಸ್ ಹೊರಡುತ್ತಿತ್ತು.

ಡಬ್ಬಿಯೊಳಗಿನ ಪ್ರೋಗ್ರಾಂ ಬರೆದವರಲ್ಲಿ ಬಸಲಿಂಗ ಒಬ್ಬ. ಕಲಬುರಗಿ ಕಡೆಯವನು, ಡಿಪ್ಲೊಮಾ ಓದಿದ್ದವನು. ಮೊದಲು ನಮ್ಮಲ್ಲೇ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದನಂತೆ, ನಾನು ಸೇರುವ ಹೊತ್ತಿಗೆ ಕೋಡ್ ಬರೆಯುತ್ತಿದ್ದ. ಕೆ.ಆರ್. ಪುರದಲ್ಲಿ ಮುನಿರತ್ನಮ್ಮ ಎಂಬುವರ ಮನೆಯ ಮೇಲಿನ ಒಂದು ರೂಮಿನಲ್ಲಿ ಹೆಂಡತಿ ಭಾಗಮ್ಮನ ಜತೆ ಬಾಡಿಗೆಗಿದ್ದ. ಭಾಗಮ್ಮನಿಗೆ ಚಿಕ್ಕಂದಿನ ಜ್ವರದಿಂದ ಹೃದಯದ ಕವಾಟ ಹಾಳಾಗಿತ್ತು. ಆಪರೇಷನ್ನಿಗೆ ಸರದಿ ಕಾಯುತ್ತಿದ್ದರು. ಅಲ್ಲಿಯವರೆಗೆ ಇರಲಿ ಎಂದು ಬಸಲಿಂಗ ತಾನೇ ಕೈಯಾರೆ ತನ್ನ ಮನೆಗೂ ಒಂದು ಗಂಟೆ ಹಾಕಿದ. ಹೆಂಡತಿಗೆ ಅವನು ಕೊಟ್ಟ ಪಾಠ ನಮ್ಮ ಆಫೀಸಿನವರಿಗೆಲ್ಲ ಬಾಯಿಪಾಠವಾಗಿತ್ತು.

“ಉಸಿರು ಹಿಡದ್ರ ಫೋನ್ ಹುಡುಕ್ಕೋತ ತಿರಗಬ್ಯಾಡ. ಗುಂಡಿ ಒತ್ತು, ಗ್ವಾಡಿಗೆ ಆನಿಕೊಂಡು ಕುಂದ್ರು. ಅವರೇ ಬರ್ತಾರ.”

ನಮ್ಮಲ್ಲೊಂದು ಪದ್ಧತಿಯಿತ್ತು. ಸೋಮವಾರ ಬೆಳಗ್ಗೆ ಪ್ರತಿ ಮನೆಯವರೂ ಒಮ್ಮೆ ಗುಂಡಿ ಒತ್ತಬೇಕು, ಸ್ಟೆಲ್ಲಾ ಅವರನ್ನು ಹೆಸರು ಹಿಡಿದು ಮಾತಾಡಿಸಬೇಕು. ಗಂಟೆ ಸರಿಯಿದೆ ಎಂಬುದಕ್ಕೆ ಅದೇ ಪರೀಕ್ಷೆ. ಬೇರೆಯವರು ಒಂದು ಮಾತಾಡಿ ಮುಗಿಸಿದರೆ ಭಾಗಮ್ಮನದು ಮುಗಿಯದ ಪುರಾಣ. ನಾನೇ ಒಮ್ಮೆ ಕಂಟ್ರೋಲ್ ರೂಮಿನಲ್ಲಿದ್ದಾಗ ಕೇಳಿದ್ದೇನೆ.

“ಇನ್ನಾ ಅದೀನ್ರೀ ಅಕ್ಕಾರ!”

“ಇರ್ಲೇಬೇಕು ಮಾ. ಕ್ರಿಸ್‌ಮಸ್‌ಗೆ ನಿಂಗೆ ಕೇಕ್ ಕಳಿಸ್ಬೇಕಲ್ಲ.”

“ಹಂಗಾದ್ರ ತತ್ತಿ ಹಾಕಬ್ಯಾಡ್ರಿ ಮತ್ತ.”

ಮೊಟ್ಟೆ ಹಾಕದ ಕೇಕು ಎಲ್ಲಿ ಸಿಗುತ್ತದೆಂದು ಸ್ಟೆಲ್ಲಾ ಆಮೇಲೆ ನನ್ನನ್ನು ವಿಚಾರಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಬಸಲಿಂಗ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದಾಗ ಮುನಿರತ್ನಮ್ಮನಿಂದ ಫೋನ್ ಬಂತು. ಭಾಗಮ್ಮ ಬಾಗಿಲ ಹತ್ತಿರ, ನೀರಿನ ಕೊಡದ ಪಕ್ಕ ಬಿದ್ದಿದ್ದಳು. ಗುಂಡಿ ಕೊರಳಲ್ಲೇ ಇತ್ತು. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಗಿತ್ತು.

ಬಸಲಿಂಗ ಅವತ್ತು ಕೇಳಿದ ಮೊದಲ ಪ್ರಶ್ನೆ ಗಂಟೆಯದು. ಸ್ಟೆಲ್ಲಾ ಅಳುತ್ತಲೇ ಪರದೆಯನ್ನು ಮತ್ತೆ ಮತ್ತೆ ನೋಡಿದಳು. ಕೆ.ಆರ್. ಪುರದಿಂದ ಒಂದು ಕರೆಯೂ ಬಂದಿರಲಿಲ್ಲ.

ಮಣ್ಣು ಮಾಡಿ ಊರಿನಿಂದ ವಾಪಸು ಬಂದವನ ಮುಖದಲ್ಲಿ ದುಃಖಕ್ಕಿಂತ ಸಿಟ್ಟು ಹೆಚ್ಚಿತ್ತು. ಡಾಕ್ಟರು ಭಾರ ಎತ್ತಬೇಡ ಎಂದಿದ್ದರು, ಇವಳು ಕೊಡ ಎತ್ತಿದ್ದಾಳೆ. ಉಸಿರು ಕಟ್ಟಿದಾಗಲೂ ಗುಂಡಿ ಒತ್ತಿಲ್ಲ. ಊರಲ್ಲಿ ಎಲ್ಲರೂ ಇದನ್ನೇ ಆಡಿದರಂತೆ. ಗಂಡ ಇಷ್ಟೆಲ್ಲ ಮಾಡಿದರೂ ಹಟಮಾರಿ ಹೆಣ್ಣು ಕೇಳಲಿಲ್ಲ ಎಂದು ಅವನ ತಾಯಿಯೂ ಹೇಳಿದಳಂತೆ.

“ಗುಂಡಿ ಕೊಳ್ಳಾಗ ಇತ್ರಿ ಮೇಡಂ. ಒಂದ್ ಬೆರಳು ಎತ್ತಿದ್ರ ಸಾಕಿತ್ತು. ನನ್ನ ನೆನಪು ಸುದ್ದಾ ಆಗಲಿಲ್ಲೇನ್ರಿ ಆಕಿಗೆ?”

ತನ್ನನ್ನು ಕರೆಯದೆ ಹೋದಳು ಎಂಬುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಸತ್ತವರ ಮೇಲಿನ ಸಿಟ್ಟು ಕೆಟ್ಟದ್ದು. ಅದನ್ನು ಜಗಳ ಆಡಿ ತೀರಿಸಿಕೊಳ್ಳುವುದಕ್ಕೂ ಆಗುವುದಿಲ್ಲ.

ರೂಮು ಖಾಲಿ ಮಾಡುವಾಗ ಅವನು ಆ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. “ನೀವೇ ಬಿಚ್ಕೊಂಡು ಬರ್ರಿ” ಎಂದು ಬೀಗದ ಕೈ ನನಗೆ ಕೊಟ್ಟ. ಮಾರನೆಯ ಬೆಳಗ್ಗೆ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹೋದೆ. ಮುನಿರತ್ನಮ್ಮ ಮೆಟ್ಟಿಲು ಹತ್ತಿ ನನ್ನ ಹಿಂದೆಯೇ ಬಂದರು. ಅವರದು ಆ ಊರಿನ ಹಳೇ ರೈತ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ಬಾಗಿಲಲ್ಲೇ ನಿಂತು ಡಬ್ಬಿಯನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಅವತ್ತು ಇದು ಕೂಗ್ತಾನೇ ಇತ್ತು ಕಣಮ್ಮ. ಟುಯ್ಯಿ ಟುಯ್ಯಿ ಅಂತ. ಮೊಬೈಲ್ ಇರ್ಬೇಕು ಅಂದ್ಕೊಂಡು ಕೆಳಗೆ ಬಟ್ಟೆ ಒಗೀತಾ ಇದ್ಬಿಟ್ಟೆ.”

“ಬಸಲಿಂಗಂಗೆ ಹೇಳಿದ್ರಾ?”

“ಹೇಳ್ದೆ. ಸರ್ವರ್ ಸುಳ್ಳು ಹೇಳಲ್ಲ ಅಜ್ಜಿ, ನಿಮಗೆ ಎಲ್ಲೋ ಭ್ರಮೆ ಅಂದ್ಬಿಟ್ಟ.”

ಡಬ್ಬಿಯ ಪಕ್ಕದ ಮೊಳೆಗೆ ತೂಗುಹಾಕಿದ್ದ ಗುಂಡಿಯನ್ನು ನಾನು ಒತ್ತಿದೆ. ಟುಯ್.

“ಇದೇ! ಇದೇ ಕಣಮ್ಮ ಅದು!”

ಸ್ಟೆಲ್ಲಾಳ ದನಿಗಾಗಿ ಕಾದೆ. ಬರಲಿಲ್ಲ. ಮತ್ತೆ ಒತ್ತಿದೆ. ಟುಯ್ ಎಂದಿತೇ ಹೊರತು ಡಬ್ಬಿಯಿಂದ ಮುಂದೆ ಏನೂ ಇಲ್ಲ.

ಇಲ್ಲಿ ಓದುಗರಿಗೆ ಸ್ವಲ್ಪ ತಾಂತ್ರಿಕ ಸಂಗತಿ ಹೇಳಬೇಕು. ಡಬ್ಬಿಗೆ ಗೊತ್ತಿದ್ದದ್ದು ಎರಡು ಹೆಸರುಗಳು: ಕಂಟ್ರೋಲ್ ರೂಮಿನ ಕಂಪ್ಯೂಟರಿನ, ಅಂದರೆ ಸರ್ವರಿನ, ಹೆಸರು ಮತ್ತು ಅದರಲ್ಲಿ ತನಗೆ ಬೇಕಾದ ಸೇವೆಯ ಹೆಸರು. ಮೊದಲನೆಯದನ್ನು ಹೋಸ್ಟ್ ನೇಮ್, ಎರಡನೆಯದನ್ನು ಸರ್ವಿಸ್ ನೇಮ್ ಎನ್ನುತ್ತೇವೆ. ಆದರೆ ಬರೀ ಹೆಸರು ಹಿಡಿದು ನೆಟ್‌ವರ್ಕಿನಲ್ಲಿ ಎಲ್ಲಿಗೂ ಹೋಗಲಾಗದು. ಹೋಸ್ಟ್ ನೇಮ್ ಅಂಕಿಗಳ ವಿಳಾಸವಾಗಬೇಕು, ಸರ್ವಿಸ್ ನೇಮ್ ಪೋರ್ಟ್ ನಂಬರ್ ಆಗಬೇಕು. ಆಸ್ಪತ್ರೆ ಎಲ್ಲಿದೆ, ಅದರೊಳಗೆ ಯಾವ ಕೌಂಟರು ಎಂದು ಕೇಳಿಕೊಂಡ ಹಾಗೆ. ಈ ಎರಡೂ ಸೇರಿದ್ದೇ ಸಾಕೆಟ್ ಅಡ್ರೆಸ್. ಇದನ್ನು ಹುಡುಕಿಕೊಡಲು ಸಿಸ್ಟಮ್ಮಿನಲ್ಲೇ ಒಂದು ಫಂಕ್ಷನ್ ಇರುತ್ತದೆ, ಪ್ರೋಗ್ರಾಂ ಅದನ್ನು ಕರೆದರೆ ಸಾಕು.

ಆದರೆ ಆ ಫಂಕ್ಷನ್ ಒಂದೇ ಉತ್ತರ ಕೊಡಬೇಕೆಂದಿಲ್ಲ. ಒಂದು ಹೆಸರಿಗೆ ಹಲವು ವಿಳಾಸಗಳಿರಬಹುದು. ಹಳೇ ಮಾದರಿಯ ಐಪಿವಿ4 ವಿಳಾಸ, ಹೊಸ ಮಾದರಿಯ ಐಪಿವಿ6 ವಿಳಾಸ, ಎಲ್ಲವನ್ನೂ ಸಾಲಾಗಿ ಕೊಡುತ್ತದೆ. ಸಾಲಿನಲ್ಲಿ ಮೊದಲಿದ್ದದ್ದು ಕೆಲಸ ಮಾಡುತ್ತದೆ ಎಂದು ಅದು ಭರವಸೆ ಕೊಡುವುದಿಲ್ಲ. ಪ್ರೋಗ್ರಾಂ ಒಂದೊಂದಾಗಿ ಪ್ರಯತ್ನಿಸಬೇಕು, ಹಾಗೆ ಸರದಿಯಂತೆ ಸುತ್ತಿಸುವ ಕೋಡಿಗೆ ಲೂಪ್ ಎನ್ನುತ್ತೇವೆ. ಮೊದಲನೆಯದು ಆಗಲಿಲ್ಲವೇ, ಬೇಗ ಕೈಬಿಟ್ಟು ಎರಡನೆಯದಕ್ಕೆ ಹೋಗಬೇಕು. ಮುಂದಿನ ಗೇಟಿಗೆ ಬೀಗ ಹಾಕಿದ್ದರೆ ಹಿಂದಿನ ಗೇಟಿಗೆ ಹೋಗಿ ನೋಡುವುದಿಲ್ಲವೇ, ಅಷ್ಟೇ ಸರಳ.

ಕೆಳಗಿನ ಮನೆಗೂ ಮೇಲಿನ ರೂಮಿಗೂ ಇದ್ದ ಒಂದೇ ವೈಫೈಗೆ ಲ್ಯಾಪ್‌ಟಾಪನ್ನು ಸೇರಿಸಿ ಕಂಟ್ರೋಲ್ ರೂಮಿನ ಹೆಸರು ಕೇಳಿದೆ. ಎರಡು ವಿಳಾಸ ಬಂದವು. ಮೇಲಿನದು ಹೊಸ ಮಾದರಿಯದು. ಮುನಿರತ್ನಮ್ಮನ ಮಗ ಭಾಗಮ್ಮ ತೀರಿಕೊಂಡ ವಾರವೇ ಇಂಟರ್ನೆಟ್ ಕಂಪನಿ ಬದಲಾಯಿಸಿದ್ದನಂತೆ, ಹೊಸ ಕಂಪನಿ ಹೊಸ ಮಾದರಿಯನ್ನೂ ಕೊಡುತ್ತಿತ್ತು. ನಮ್ಮ ಸರ್ವರ್ ನೋಡಿಕೊಳ್ಳುತ್ತಿದ್ದವರು ಅದಕ್ಕೂ ಒಂದು ಹೊಸ ಮಾದರಿಯ ವಿಳಾಸ ಸೇರಿಸಿದ್ದರು, ಆದರೆ ಆ ವಿಳಾಸದಲ್ಲಿ ನಮ್ಮ ಪ್ರೋಗ್ರಾಂ ಬಾಗಿಲು ತೆರೆದಿರಲಿಲ್ಲ. ಬೇರೆ ಯಾವ ರೋಗಿಯ ಮನೆಯಲ್ಲೂ ಆಗ ಹೊಸ ಮಾದರಿ ಇರಲಿಲ್ಲ, ಆಫೀಸಿನಲ್ಲಂತೂ ಇರಲೇ ಇಲ್ಲ. ಸೋಮವಾರದ ಪರೀಕ್ಷೆ ಮುಗಿದ ಮೇಲೆ ಸಂಪರ್ಕ ಬದಲಾಯಿತು, ಮುಂದಿನ ಸೋಮವಾರ ಭಾಗಮ್ಮನಿಗೆ ಬರಲಿಲ್ಲ.

ಡಬ್ಬಿಯ ಕರೆಗಳ ಓಡಾಟವನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಒತ್ತಿದಾಗಲೆಲ್ಲ ಅದು ಮೊದಲನೇ ವಿಳಾಸಕ್ಕೆ ಹೋಗುತ್ತಿತ್ತು, ಉತ್ತರವಿಲ್ಲದೆ ಕಾಯುತ್ತಿತ್ತು, ಸುಮ್ಮನಾಗುತ್ತಿತ್ತು. ಎರಡನೆಯದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೊನೆಗೆ ನಾನೇ ಆ ಡಬ್ಬಿಯ ಗುರುತು ಹಾಕಿ, ಎರಡನೇ ವಿಳಾಸಕ್ಕೆ ಲ್ಯಾಪ್‌ಟಾಪಿನಿಂದ ಕರೆ ಕಳಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಲ್ಯಾಪ್‌ಟಾಪಿನಲ್ಲಿ ಸ್ಟೆಲ್ಲಾಳ ದನಿ ಬಂತು.

“ಹಲೋ… ಭಾಗಮ್ಮ ಮನೆ ಅಂತ ಬರ್ತಾ ಇದೆ. ಯಾರದು? ಯಾರು ಮಾ?”

ಮುನಿರತ್ನಮ್ಮ ನೆಲದ ಮೇಲೆ ಕುಸಿದು ಕೂತರು. ನಾನೇ ಎಂದು ಸ್ಟೆಲ್ಲಾಳಿಗೆ ಹೇಳಿ ಕರೆ ಮುಗಿಸಿದೆ. ಆ ಹೆಣ್ಣುಮಗಳು ಒತ್ತಿದ್ದಳು. ಗಂಡ ಹೇಳಿಕೊಟ್ಟ ಹಾಗೆಯೇ ಒತ್ತಿದ್ದಳು, ಮತ್ತೆ ಮತ್ತೆ ಒತ್ತಿದ್ದಳು, ಅವರೇ ಬರುತ್ತಾರೆಂದು ಕಾದಿದ್ದಳು. ಯಾರೂ ಬರದಿದ್ದಾಗ ಎದ್ದು ಬಾಗಿಲಿಗೆ ಹೋಗಲು ನೋಡಿರಬೇಕು. ಕೊಡ ಯಾವಾಗಲೂ ಆ ಬಾಗಿಲ ಹತ್ತಿರವೇ ಇರುತ್ತಿತ್ತು ಎಂದು ಮುನಿರತ್ನಮ್ಮ ಹೇಳಿದರು.

ಆಫೀಸಿಗೆ ಬಂದು ಆ ಭಾಗದ ಕೋಡ್ ತೆರೆದೆ. ಬಂದ ಉತ್ತರಗಳ ಪಟ್ಟಿಯಿಂದ ಮೊದಲನೆಯದನ್ನು ಮಾತ್ರ ಎತ್ತಿಕೊಳ್ಳುವ ಕೋಡಿನ ಸಾಲು ಅಲ್ಲಿತ್ತು. ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಆಜ್ಞೆ ನಮ್ಮ ಬಳಿ ಇರುತ್ತದೆ. ಅದನ್ನು ಓಡಿಸಿದೆ. ಓಡಿಸಬಾರದಿತ್ತು ಅನ್ನಿಸಿತು. ಬಸಲಿಂಗ. ಬೆಸುಗೆ ಬಿಟ್ಟು ಕೋಡಿಗೆ ಬಂದ ಹೊಸದರಲ್ಲಿ ಬರೆದದ್ದು.

ಮುಖ್ಯಸ್ಥರ ಬಳಿ ಹೋದೆ. ಕಂಡದ್ದನ್ನೆಲ್ಲ ಹೇಳಿದೆ. ಕೆಟ್ಟವರಲ್ಲ ಅವರು. ಎಲ್ಲ ಡಬ್ಬಿಗಳಿಗೂ ಇವತ್ತೇ ಅಪ್‌ಡೇಟ್ ಹೋಗಬೇಕು, ರೋಗಿಗಳ ಮನೆಗಳಿಗೆಲ್ಲ ವಿಷಯ ತಿಳಿಸಬೇಕು ಎಂದರು. ಆಮೇಲೆ ದನಿ ಇಳಿಸಿದರು.

“ಬಸಲಿಂಗಂಗೆ ಮಾತ್ರ ಹೇಳ್ಬೇಡಿ ಮೇಡಂ. ಹುಡುಗ ಸತ್ತೇ ಹೋಗ್ತಾನೆ.”

ಊಟದ ಡಬ್ಬಿ ತೆರೆಯದೆ ಯೋಚಿಸುತ್ತಾ ಕೂತೆ. ಹೇಳದಿದ್ದರೆ ಅವನು ಬದುಕಿಕೊಳ್ಳುತ್ತಾನೆ, ಆದರೆ ಭಾಗಮ್ಮ ಎಂದೆಂದಿಗೂ ಗಂಡನ ಮಾತು ಕೇಳದ ಹಟಮಾರಿಯಾಗಿ ಉಳಿಯುತ್ತಾಳೆ. ಹೇಳಿದರೆ ಅವಳ ಮೇಲಿನ ಅಪವಾದ ಹೋಗುತ್ತದೆ, ಆದರೆ ಅದು ಹೋಗಿ ಬೀಳುವುದು ಇವನ ತಲೆಯ ಮೇಲೆ. ಬರೆದವನು ಯಾರೆಂದು ಮುಚ್ಚಿಡೋಣವೆಂದರೆ, ಕೋಡ್ ಓದಲು ಬಾರದವನಲ್ಲ ಅವನು. ಬದುಕಿದವನ ಪರ ನಿಲ್ಲಲೋ ಸತ್ತವಳ ಪರ ನಿಲ್ಲಲೋ ತಿಳಿಯದೆ ಒದ್ದಾಡಿದೆ. ಆದರೆ ನಾನು ಆ ಗುಂಡಿಯನ್ನು ನನ್ನ ಕೈಯಾರೆ ಒತ್ತಿ ಬಂದಿದ್ದೆ. ಸುಮ್ಮನಿರಲು ಆಗಲಿಲ್ಲ.

ಅವನನ್ನು ಮೀಟಿಂಗ್ ರೂಮಿಗೆ ಕರೆದೆ.

“ಬಸಲಿಂಗ, ಭಾಗಮ್ಮ ಒತ್ತಿದ್ಲು ಕಣಪ್ಪ. ತುಂಬಾ ಸಲ ಒತ್ತಿದ್ಲು.”

ಅವನು ನನ್ನ ಮುಖವನ್ನೇ ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು, ನಾನು ಎಣಿಸಿಯೇ ಇರಲಿಲ್ಲ, ಸಂತೋಷ. ಎಷ್ಟೋ ದಿನದಿಂದ ಕೈತಪ್ಪಿಹೋಗಿದ್ದದ್ದು ಸಿಕ್ಕಿದವನ ಹಾಗೆ ಮುಖ ಅರಳಿತು. “ಕರದಾಳೇನ್ರಿ?” ಎಂದ. ಹೌದು ಎಂದೆ. ಆಮೇಲೆ ಅವನೊಳಗಿನ ಪ್ರೋಗ್ರಾಮರ್ ಎಚ್ಚೆತ್ತ.

“ಮತ್ತ ಯಾಕ ಬರಲಿಲ್ಲ ಇಲ್ಲಿಗೆ?”

“ಆ ಮನೇಲಿ ಎರಡು ಅಡ್ರೆಸ್ ಬರ್ತಾ ಇತ್ತು. ಡಬ್ಬಿ ಮೊದಲನೇದನ್ನ ಮಾತ್ರ ನೋಡ್ತು.”

“ಲೂಪ್ ಇಲ್ಲೇನ್ರಿ ಅಲ್ಲಿ?” ಎಂದು ಕೇಳಿದವನು ನನ್ನ ಉತ್ತರಕ್ಕೆ ಕಾಯಲಿಲ್ಲ. ಮುಖದ ಬೆಳಕು ಆರಿತು. “ನಾನೇ ಹಾಕಿಲ್ರಿ. ಆಫೀಸ್‌ನಾಗ ಯಾವಾಗ್ಲೂ ಒಂದೇ ಬರ್ತಿತ್ತು. ಯಾಕ ಬೇಕು ಅಂತ ಬಿಟ್ಟೆ.”

ನಾನು ಏನೇನೋ ಹೇಳಿದೆ. ಎಲ್ಲರೂ ಮಾಡುವ ತಪ್ಪು ಇದು, ಓದಿ ಒಪ್ಪಿಗೆ ಕೊಟ್ಟವರಿಗೂ ಕಾಣಲಿಲ್ಲ, ಸರ್ವರಿನವರದೂ ತಪ್ಪಿದೆ, ಆಂಬುಲೆನ್ಸ್ ಬಂದಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರೇ ಅಂದಿದ್ದಾರೆ. ಎಲ್ಲವೂ ನಿಜ. ಅವನು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಮೊಬೈಲ್ ತೆಗೆದು ಊರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ.

“ಅವ್ವಾ, ಭಾಗಮ್ಮ ಗುಂಡಿ ಒತ್ಯಾಳ. ನಾ ಹೇಳಿದಂಗ ಮಾಡ್ಯಾಳ. ತಪ್ಪು ಆಕಿದಲ್ಲ, ನಂದು. ಊರಾಗ ಎಲ್ಲಾರಿಗೂ ಹೇಳು.”

ಆ ಕಡೆಯಿಂದ ಮುದುಕಿಯ ದನಿ ಬಂತು.

“ಎಷ್ಟ್ ದಾರಿ ನೋಡಿತೋ ತಮ್ಮಾ, ಆ ಕೂಸು.”

ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತ. ನಾನು ಬೆನ್ನು ಸವರುತ್ತಾ ಕೂತೆ, ಹೆತ್ತ ಮಗನಾಗಿದ್ದರೂ ಅದಕ್ಕಿಂತ ಹೆಚ್ಚಿಗೆ ಮಾಡಲು ಬರುತ್ತಿರಲಿಲ್ಲ. ಆ ಸಂಜೆಯೊಳಗೆ ಕೋಡನ್ನು ನಾನೇ ತಿದ್ದಿದೆ. ಎಲ್ಲ ವಿಳಾಸಗಳನ್ನೂ ಸರದಿಯಂತೆ ನೋಡುವುದಕ್ಕೆ ಬೇಕಾದದ್ದು ಕೆಲವೇ ಸಾಲು. ಬಸಲಿಂಗ ಆಮೇಲೆ ಕೋಡ್ ಮುಟ್ಟಲಿಲ್ಲ. ಮನೆ ಮನೆಗೆ ಹೋಗಿ ಗಂಟೆ ಹಾಕಿಕೊಡುವ ಕೆಲಸ ಕೇಳಿ ಪಡೆದ, ಈಗಲೂ ಅದನ್ನೇ ಮಾಡುತ್ತಿದ್ದಾನೆ.

ಅಷ್ಟು ವರ್ಷದ ನೌಕರಿಯಲ್ಲಿ ನಾನು ಕಲಿತದ್ದರಲ್ಲಿ ಬಹುಪಾಲು ಈಗಾಗಲೇ ಹಳತಾಗಿದೆ. ಹೊಸಬರಿಗೆ ನಾನು ಹೇಳುವುದು ಒಂದೇ: ನಿಮ್ಮ ಪರದೆಯ ಮೇಲೆ ಕರೆ ಕಾಣಲಿಲ್ಲ ಎಂದ ಮಾತ್ರಕ್ಕೆ ಆ ಕಡೆಯವರು ಕರೆಯಲಿಲ್ಲ ಎಂದು ತೀರ್ಮಾನಿಸಬೇಡಿ, ಅವರ ಮನೆಗೆ ಹೋಗಿ ಅಲ್ಲಿಂದ ಒತ್ತಿ ನೋಡಿ. ಭಾಗಮ್ಮ ಕರೆದಿದ್ದಳು. ಅವಳು ಕರೆದಳೆಂದು ನಂಬುವುದಕ್ಕೂ ನಮಗೆ ಅವಳು ಸತ್ತು ಅಷ್ಟು ದಿನ ಬೇಕಾಯಿತು.