ಎರಡು ಗಂಟೆ ಮಾತ್ರ ಗಾಡಿ ನಿಲ್ಲಿಸುವ ಬೀದಿ

ನನ್ನ ಅಕ್ಕ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯಿಂದ ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ತುಮಕೂರಿಗೆ ಬರುತ್ತಾಳೆ. ಬಾವ ತಮ್ಮ ಹಳೇ ಕಾರಿನಲ್ಲಿ ಕರೆತರುತ್ತಾರೆ. ಮರಳೂರಿನಲ್ಲಿ ನಾನು ಹತ್ತಿಕೊಳ್ಳುತ್ತೇನೆ. ನನ್ನ ಚೀಲದಲ್ಲಿ ಉಪ್ಪು ಕಮ್ಮಿ ಹಾಕಿದ ಇಡ್ಲಿ, ದುಪ್ಪಟಿ, ಅಕ್ಕನ ಕಾಲಿಗೆ ಸಾಕ್ಸ್. ಮೆಷೀನಿನ ಕೋಣೆ ಯಾವಾಗಲೂ ಥಂಡಿ. ನಾಲ್ಕು ಗಂಟೆ ಮಲಗಿ ಎದ್ದ ಮೇಲೆ ಅವಳ ಬಿ.ಪಿ. ಇಳಿದಿರುತ್ತದೆ, ನಾಲ್ಕು ಹೆಜ್ಜೆ ಹಾಕಿದರೆ ಕಣ್ಣಿಗೆ ಕತ್ತಲೆ ಬರುತ್ತದೆ. ಆದ್ದರಿಂದ ಕಾರು ಆಸ್ಪತ್ರೆಯ ಹತ್ತಿರದಲ್ಲೇ ಇರಬೇಕು.

ಬೀದಿ ಇಕ್ಕಟ್ಟು. ಎದುರಿನ ಬ್ಯಾಗ್ ಅಂಗಡಿಯ ಸಾಹೇಬರು ಮೊದಲ ದಿನವೇ ಬಾವನಿಗೆ ಹೇಳಿದ್ದರು: "ಹ್ಯಾಂಡ್‌ಬ್ರೇಕ್ ಹಾಕ್ಬೇಡಿ ಯಜಮಾನ್ರೆ, ನ್ಯೂಟ್ರಲ್‌ನಲ್ಲಿ ಬಿಟ್ಟೋಗಿ. ಯಾರಿಗಾದ್ರೂ ಅಡ್ಡ ಆದ್ರೆ ನಾವೇ ತಳ್ಕೊತೀವಿ." ಆ ಬೀದಿಯಲ್ಲಿ ಎಲ್ಲರದ್ದೂ ಅದೇ ಪದ್ಧತಿ. ನಾವು ಹೊರಗೆ ಬರುವಷ್ಟರಲ್ಲಿ ಕಾರು ಎರಡು ಅಂಗಡಿ ಮುಂದಕ್ಕೆ ಸರಿದಿರುತ್ತಿತ್ತು, ಅಷ್ಟೇ.

ಆಮೇಲೆ ಪಾರ್ಕಿಂಗ್‌ಗೆ ಹೊಸ ನಿಯಮ, ಎರಡೇ ಗಂಟೆ, ಅದಕ್ಕೂ ಶುಲ್ಕ ಎಂಬ ಸುದ್ದಿ ಬಂತು. ಜನರ ಅಭಿಪ್ರಾಯ ಕೇಳಲು ಪಾಲಿಕೆಯವರು ಸಮುದಾಯ ಭವನದಲ್ಲಿ ಸಭೆ ಕರೆದಿದ್ದರು. ಅಕ್ಕನನ್ನು ಮನೆಯಲ್ಲೇ ಬಿಟ್ಟು ಬರಲು ಬಾವನಿಗೆ ಹೇಳಿದೆ. ದಾರಿಯುದ್ದಕ್ಕೂ ಪಾಠ ಮಾಡಿದೆ: "ಬಾವ, ದುಡ್ಡು ಕೊಡ್ತೀವಿ, ಆದ್ರೆ ನಾಲ್ಕು ಗಂಟೆ ಬೇಕು ಅನ್ನಿ. ಅಷ್ಟೇ ಅನ್ನಿ."

ಸಭೆಯಲ್ಲಿ ಗದ್ದಲವೋ ಗದ್ದಲ. "ನಮ್ಮನೆ ಮುಂದೆ ನಿಲ್ಸಿದ್ರೂ ದುಡ್ಡಾ? ನಾಳೆ ಬಾಗ್ಲಲ್ಲಿ ಚಪ್ಲಿ ಬಿಟ್ರೂ ರಸೀದಿ ಹರೀತೀರೇನ್ರೀ?" ಎಂದು ಒಬ್ಬರು ಕೂಗಿದಾಗ ಅಧಿಕಾರಿಯೂ ನಕ್ಕರು. ಎರಡು ಗಂಟೆ ಮೀರಿದ ಗಾಡಿಯನ್ನು ಎತ್ತಿಕೊಂಡು ಹೋಗಬೇಕೆಂದು ಕೇಳಿದವರು ಬ್ಯಾಗ್ ಅಂಗಡಿಯ ಸಾಹೇಬರೇ. "ಗುಬ್ಬಿಯಿಂದ ಮದುವೆ ಸಾಮಾನಿಗೆ ಬರೋರು ಜಾಗ ಇಲ್ದೆ ಹಂಗೇ ವಾಪಸ್ ಹೋಗ್ತವ್ರೆ ಸಾರ್. ನಮ್ ಹೊಟ್ಟೆಪಾಡು?" ಅವರು ನಮ್ಮ ಕಡೆ ನೋಡಲಿಲ್ಲ. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ.

"ಆಸ್ಪತ್ರೆಗೆ ಬರೋರು ಯಾರಾದ್ರೂ ಇದೀರಾ?" ಎಂದರು ಅಧಿಕಾರಿ. ನಾನು ಬಾವನ ಮೊಣಕೈ ತಿವಿದೆ. ಬಾವ ಎದ್ದು, ಮೈಕ್ ಹಿಡಿದು, ತಲೆ ಬಗ್ಗಿಸಿದರು.

"ನಮ್ದೇನಿಲ್ಲ ಸ್ವಾಮಿ. ದೊಡ್ಡೋರೆಲ್ಲ ಮಾತಾಡವ್ರೆ. ನಾವು ಹೆಂಗೋ ಅಡ್ಜಸ್ಟ್ ಮಾಡ್ಕಂತೀವಿ ಬುಡಿ."

ಮನೆಗೆ ಬಂದ ನೆಂಟರ ಮುಂದೆ, ಬಸ್ಸಿನ ಸೀಟಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಅವರು ಆಡುವ ಮಾತೇ ಅದು. ಅಲ್ಲಿ ಹಾಗಂದರೆ ಎದುರಿನವರು "ಛೆ ಛೆ, ಬನ್ನಿ, ಕೂತ್ಕಳಿ" ಎಂದು ಜಾಗ ಬಿಡುತ್ತಾರೆ. ಇಲ್ಲಿ ಅಧಿಕಾರಿ, "ಹಾಗಾದ್ರೆ ಆಸ್ಪತ್ರೆ ಕಡೆಯೋರದ್ದೂ ತಕರಾರಿಲ್ಲ" ಎಂದುಬಿಟ್ಟರು. ನಾನು ಎದ್ದು ನಿಂತೆ. "ನಿಮ್ಮೋರೇ ಹೇಳಿದ್ರಲ್ಲಮ್ಮ" ಎನ್ನುತ್ತಿದ್ದಂತೆಯೇ ಮೈಕ್ ಮುಂದಿನವರ ಕೈಗೆ ಹೋಗಿತ್ತು.

ಹೊರಗೆ ಬಂದು, "ಏನ್ ಬಾವ ಹಿಂಗ್ ಮಾಡ್ಬುಟ್ರಿ?" ಎಂದೆ.

"ಅಷ್ಟು ಜನದ ಎದ್ರಿಗೆ ಮೈಕ್‌ನಲ್ಲಿ ಅವಳ ಕಾಯ್ಲೆ ಎತ್ತಾಡಕ್ಕೆ ನಾಲ್ಗೆ ಬರ್ಲಿಲ್ಲ ಕಣಮ್ಮಣ್ಣಿ" ಎಂದರು.

ಈಗ ಬೀದಿಯಲ್ಲಿ ಬಿಳಿ ಗೆರೆಗಳಿವೆ, ಎರಡು ಗಂಟೆಗೆಂದು ಚೀಟಿ ಹರಿಯುವವರಿದ್ದಾರೆ. ಬಾವ ನಮ್ಮನ್ನು ಇಳಿಸಿ, ಕಾರನ್ನು ಎಲ್ಲೋ ದೂರದ ಬಯಲಿನಲ್ಲಿ ನಿಲ್ಲಿಸುತ್ತಾರೆ. ಮೊನ್ನೆ ಡಯಾಲಿಸಿಸ್ ಮುಗಿದ ಮೇಲೆ ನಾನು ಫೋನ್ ಮಾಡಿದಾಗ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದ್ದರು. ಮೆಟ್ಟಿಲ ಮೇಲೆ ಅಕ್ಕ ಬೆವರುತ್ತಾ ನನ್ನ ಹೆಗಲಿಗೆ ಒರಗಿದಳು. ಸಾಹೇಬರು ಓಡಿ ಬಂದು ಸ್ಟೂಲ್ ಹಾಕಿದರು, ಬ್ಯಾಗಿನ ರಟ್ಟಿನಿಂದ ಗಾಳಿ ಬೀಸಿದರು.

ಕಾರು ಬಂತು. ಅಕ್ಕನ ಕಾಲುಗಳನ್ನು ಎತ್ತಿ ಒಳಗಿಡುವಷ್ಟರಲ್ಲಿ ಹಿಂದಿನಿಂದ ಹಾರನ್‌ಗಳು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ವಾರಕ್ಕೆ ಒಂದೇ ಸಲ ಸಾಕಾ ಅಂತ ಡಾಕ್ಟರ್‌ನ ಕೇಳೇ. ನಿಮ್ ಬಾವ ಸುಸ್ತಾಗವ್ರೆ."

ಸಾಲದೆಂದು ಡಾಕ್ಟರು ಆಗಲೇ ಹೇಳಿದ್ದು ಅವಳಿಗೂ ಗೊತ್ತು. ಮರಳೂರಿನಲ್ಲಿ ಕಾರು ನಿಲ್ಲಿಸಿ ನನ್ನನ್ನು ಇಳಿಸಿದಾಗ ಬಾವ ಕಿಟಕಿಯಿಂದ ತಲೆ ಹೊರಹಾಕಿ, ಅಕ್ಕನಿಗೆ ಕೇಳಿಸದ ಹಾಗೆ, "ಅಮ್ಮಣ್ಣಿ, ಆ ಸಭೆಯೋರು ಇನ್ನೊಂದ್ ಸಲ ಕೇಳ್ತಾರಾ?" ಎಂದರು.

"ಗೊತ್ತಿಲ್ಲ ಬಾವ" ಎಂದೆ. ಕಾರು ಹೆಬ್ಬೂರಿನ ಕಡೆಗೆ ಹೊರಟಿತು.